ಶೇವಂತಿಬಾಯಿ ಮನೆಗೆ ಹೋದ ಮೊಟ್ಟೆಬಟ್ಟಲು

ನಮ್ಮೂರಿನಲ್ಲಿ ಹಳೆಯ ಊಟದ ಪಾತ್ರೆ ಒಂದೇ ಮನೆಯಲ್ಲಿ ಇದ್ದುಬಿಡುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಸ್ಟೀಲಿನ ತಟ್ಟೆ, ಪ್ಲಾಸ್ಟಿಕ್ಕಿನ ಲೋಟ ಎಲ್ಲೂ ಹೋಗುವುದಿಲ್ಲ, ಇಟ್ಟಲ್ಲೇ ಇರುತ್ತವೆ. ಆದರೆ ತೀರಿಹೋದವರು ಉಂಡ ತಟ್ಟೆಗೆ, ತೀರಿಹೋದವರು ಕುಡಿದ ಬಟ್ಟಲಿಗೆ ಮನಸ್ಸು ಬಂತೆಂದರೆ ಮನೆ ಬದಲಾಯಿಸುತ್ತದೆ. ಮಧ್ಯಾಹ್ನದ ಊಟ ಮುಗಿದು ಜನ ಒಂದು ಮಗ್ಗುಲು ಹೊರಳುವ ಹೊತ್ತಿನಲ್ಲಿ ಹೊರಡುತ್ತದೆ. ಹೋಗುವುದನ್ನು ಕಂಡವರಿಲ್ಲ. ಕಾಣಲೇಬೇಕೆಂದು ಕಾದು ಕೂತವರಿಗೆ ಒಂದು ಆಕಳಿಕೆ ಬರುತ್ತದೆ. ಬಾಯಿ ಮುಚ್ಚುವಷ್ಟರಲ್ಲಿ ಕಪಾಟಿನಲ್ಲಿ ದುಂಡಗೆ ಧೂಳಿಲ್ಲದ ಜಾಗ ಉಳಿದಿರುತ್ತದೆ, ಅಷ್ಟೆ.

ಇದಕ್ಕೆಲ್ಲ ಹಿರಿಯರು ಒಂದು ಕ್ರಮ ಮಾಡಿಟ್ಟಿದ್ದರು. ಪಾತ್ರೆ ಯಾರ ಮನೆಗೆ ಬಂತೋ ಅವರು ದೀಪ ಹಚ್ಚುವುದರೊಳಗೆ ಅದು ಬಿಟ್ಟುಬಂದ ಮನೆಯ ಮೆಟ್ಟಿಲ ಕೆಳಗೆ ನಿಂತು, ‘ನಿಮ್ಮದು ನಮ್ಮಲ್ಲಿದೆ, ಉಣ್ಣಕ್ಕೆ ಬನ್ನಿ’ ಎನ್ನಬೇಕು. ಕಳೆದುಕೊಂಡ ಮನೆಯವರು ಹೋಗಿ, ಅದೇ ಪಾತ್ರೆಯಲ್ಲಿ ಉಂಡು, ಬಾಯಿ ಒರೆಸಿಕೊಂಡು ಎದ್ದರೆ ಮುಗಿಯಿತು. ಅಲ್ಲಿಂದಾಚೆಗೆ ಅದು ಅವರದು. ಉಣ್ಣಲು ಒಲ್ಲೆ ಎಂದರೆ ಪಾತ್ರೆಯನ್ನು ಬೋರಲು ಹಾಕಿಡಬೇಕು. ಕಳೆದುಕೊಂಡವರು ಬಂದು ಉಣ್ಣುವವರೆಗೆ ಇವರಿಗೂ ಇಲ್ಲ, ಅವರಿಗೂ ಇಲ್ಲ. ಹಾಗೆ ಬೋರಲಾದ ಗಂಜಿಬಟ್ಟಲೊಂದರ ದೆಸೆಯಿಂದ ಮೇಲಿನ ಬೀದಿಯ ಅಣ್ಣತಮ್ಮಂದಿರು ಸಾಯುವವರೆಗೂ ಮಾತಾಡಲಿಲ್ಲ. ಇಬ್ಬರೂ ಸತ್ತ ಮೇಲೂ ಬಟ್ಟಲು ಬೋರಲಾಗಿಯೇ ಇತ್ತು. ಎತ್ತುವ ಧೈರ್ಯ ಯಾರಿಗಿದೆ?

ನನ್ನ ಹೆಂಡತಿ ಹೊನ್ನಾಜಮ್ಮನಿಗೆ ಊಟದ ಸಾಮಾನಿನ ಹುಚ್ಚು ಹಿಡಿದದ್ದು ಕಲ್ಲುಗಣಿಯ ದೊರೆಗಳು ಊರು ಬಿಟ್ಟಾಗ. ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಉಳಿದವರು ಮಂಚ, ಕುರ್ಚಿ, ಗಡಿಯಾರ ಎಂದು ಮುಗಿಬಿದ್ದರು. ಇವಳು ಊಟದ ಮೇಜು ತಂದಳು, ಅಂಚು ಸವೆದ ತಟ್ಟೆಗಳನ್ನು ತಂದಳು, ಉಪ್ಪಿನ ಪಿಂಗಾಣಿ, ಬ್ರೆಡ್ಡು ನಿಲ್ಲಿಸುವ ತಂತಿಯ ಚೌಕಟ್ಟು, ಬೆಣ್ಣೆ ಸವರುವ ಮೊಂಡು ಚಾಕು, ಎಲ್ಲ ತಂದಳು. ಆಮೇಲೂ ಬಿಡಲಿಲ್ಲ. ಯಾರ ಮನೆಯ ಅಟ್ಟದಲ್ಲಿ ಏನಿದೆ ಎಂದು ವರ್ಷಗಟ್ಟಲೆ ವಿಚಾರಿಸಿ, ಕೋಳಿ ಕೊಟ್ಟು, ಹೊಲಿದ ರವಿಕೆ ಕೊಟ್ಟು, ಒಂದೊಂದನ್ನೇ ಕೂಡಿಸಿದಳು. ಎಲ್ಲಕ್ಕಿಂತ ಅವಳ ಜೀವ ಇದ್ದದ್ದು ಮೊಟ್ಟೆಬಟ್ಟಲುಗಳಲ್ಲಿ. ಬೇಯಿಸಿದ ಮೊಟ್ಟೆಯನ್ನು ನೆಟ್ಟಗೆ ಕೂರಿಸಿ, ತಲೆ ಒಡೆದು, ಪುಟ್ಟ ಚಮಚದಿಂದ ತಿನ್ನುವ ಒಂಟಿಕಾಲಿನ ಬಟ್ಟಲು ಅದು. ನೀಲಿ ಅಂಚು, ಹೊಟ್ಟೆಯ ಮೇಲೊಂದು ಹಕ್ಕಿ. ಆರು ಬಟ್ಟಲಿನ ಒಂದು ಸೆಟ್ಟು.

ಅವಳ ತಾಯಿ ಆ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಆರರಲ್ಲಿ ಒಂದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ತಾಯಿಯ ಕೈಯಿಂದ ಜಾರಿ ಎದ್ದ ಚಕ್ಕೆ. ಅದಕ್ಕೆ ಅವಳಿಗೆ ಕೆನ್ನೆಗೆ ಬಿದ್ದದ್ದನ್ನು ಏಳು ವರ್ಷದ ಹೊನ್ನಾಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ದಳು, ಮತ್ತೆ ಹೇಳಲಿಲ್ಲ. ಚಕ್ಕೆ ಎದ್ದ ಬಟ್ಟಲಿನಲ್ಲಿ ದಿನಾ ಬೆಳಿಗ್ಗೆ ತಾನೇ ತಿನ್ನುತ್ತಿದ್ದಳು. ನನಗೆ ಕೂಡ ಕೊಡುತ್ತಿರಲಿಲ್ಲ.

ಕಪಾಟಿನಲ್ಲಿಟ್ಟು ಪೂಜೆ ಮಾಡುವವರ ಹಾಗಲ್ಲ ಅವಳು. ಎಲ್ಲವನ್ನೂ ಬಳಸಬೇಕು, ಸರಿಯಾಗಿ ಬಳಸಬೇಕು. ನಾನು ಗಣಿಗೆ ನೀರಿನ ಗಾಡಿ ಹೊಡೆದವನು, ಎರಡನೇ ಕ್ಲಾಸು ದಾಟದವನು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಡಿಲಿಗೆ ಬಟ್ಟೆ ಹಾಸಿ, ‘ಚಮ್ಚ ಹಂಗ್ ಹಿಡೀಬ್ಯಾಡಿ, ಗುದ್ದಲಿ ಅಲ್ಲ ಅದು’ ಎಂದು ಕಲಿಸಿದಳು. ಮೊಟ್ಟೆಯ ಬಿಳಿ ಗಟ್ಟಿಯಾಗಿ ಹಳದಿ ಹರಿಯುವಂತೆ ಬೇಯಿಸುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಹಾಗಾಗಿ ಪಾತ್ರೆಗಳು ನಮ್ಮ ಮನೆಗೆ ಬರುತ್ತಿದ್ದವೇ ಹೊರತು ಹೋಗುತ್ತಿರಲಿಲ್ಲ. ‘ಹೊನ್ನಾಜಮ್ಮನ ಮೇಜು’ ಎಂದು ಊರಿನಲ್ಲಿ ಹೆಸರಾಗಿತ್ತು. ಅವಳೂ ಅದನ್ನು ಒಡವೆಯ ಹಾಗೆ ಹಾಕಿಕೊಂಡು ಓಡಾಡುತ್ತಿದ್ದಳು.

ಒಂದು ಮಧ್ಯಾಹ್ನ ಎದ್ದು ನೋಡುತ್ತಾಳೆ, ಚಕ್ಕೆ ಎದ್ದ ಬಟ್ಟಲಿಲ್ಲ.

ಕಪಾಟು ಹುಡುಕಿದಳು, ಮೊರದ ಕೆಳಗೆ ಹುಡುಕಿದಳು, ನನ್ನ ಹಾಸಿಗೆಯನ್ನೂ ಕೊಡವಿದಳು. ಆಮೇಲೆ ಜಗುಲಿಗೆ ಬಂದು, ಯಾರು ಬರುತ್ತಾರೋ ಎಂದು ಬೀದಿಯ ಕೊನೆಯನ್ನೇ ನೋಡುತ್ತ ಕೂತಳು. ಪಟೇಲರ ಸೊಸೆ ಇರಬಹುದು, ಕೈ ರುಚಿ ಇದೆ. ಇಲ್ಲವೇ ಬೇಕರಿಯವನ ಮನೆ ಇರಬಹುದು. ಹೀಗೆ ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ಮೆಟ್ಟಿಲ ಕೆಳಗೆ ಬಂದು ನಿಂತವಳು ಶೇವಂತಿಬಾಯಿ.

ಶೇವಂತಿಬಾಯಿ ನಮ್ಮ ಹಿಂದಿನ ಓಣಿಯ ವಿಧವೆ. ಗಂಡ ತುಳಜಪ್ಪ ಹೋಗಿ ಆರೇಳು ವರ್ಷವಾಗಿತ್ತು. ಗುಂಡಗೆ, ಬೆಳ್ಳಗೆ, ಸೆರಗು ಯಾವಾಗಲೂ ಜಾರಿದ ಹಾಗೆ, ಮಾತಿಗೆ ಮೊದಲು ನಗುವ ಹೆಂಗಸು. ಅವಳ ಅಡಿಗೆಯ ವಿಚಾರ ಊರಿಗೇ ಗೊತ್ತಿತ್ತು. ಅವಳ ಸಾರನ್ನು ಬೆಕ್ಕು ಮೂಸಿ ಹಿಂದಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ.

‘ನಿಮ್ದು ನಮ್ಮಲ್ಲೈತೆ ಹೊನ್ನಕ್ಕಾ, ಉಣ್ಣಕ್ ಬನ್ನಿ,’ ಎಂದಳು. ‘ನನಗೂ ನಾಚಿಕೆ ಆಯ್ತು ಕಣಕ್ಕ. ಕಿಟಕಿ ತಾವ ಕೂತಿತ್ತು, ನೆಂಟರಂಗೆ!’

ಹೊನ್ನಾಜಮ್ಮ ಎದ್ದು ನಿಂತಳು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ‘ನಿನ್ ಮನೇಗಾ?’ ಎಂದಳು.

‘ಊಂ ಕಣಕ್ಕ.’

‘ಉಪ್ಪು ಹಾಕಕ್ ಬರಲ್ವಲ್ಲೇ ನಿಂಗೆ?’

‘ಬರಲ್ಲ,’ ಎಂದು ಶೇವಂತಿಬಾಯಿ ನಕ್ಕಳು. ‘ಅದ್ಕೇ ಗೊತ್ತಾಗ್ತಿಲ್ಲ, ಯಾಕ್ ಬಂತೋ ಏನೋ. ನಾಳೆ ಬೆಳಿಗ್ಗೆ ಬತ್ತೀರಾ?’

‘ನಾನ್ ಬರಾಕಿಲ್ಲ. ಬೋರ್ಲು ಹಾಕು.’

ನಾನು ‘ಇವಳೇ...’ ಎಂದು ಬಾಯಿ ತೆಗೆದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಶೇವಂತಿಬಾಯಿ ‘ಆಗ್ಲಿ ಹಂಗಾರೆ. ಮನಸ್ ಬಂದಾಗ ಬನ್ನಿ,’ ಎಂದು ಹೊರಟುಹೋದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಲೆಗಿಂತ ಹೆಚ್ಚಾಗಿ ಹೊನ್ನಾಜಮ್ಮ ಉರಿದಳು. ಬೆಳಿಗ್ಗೆ ಉಳಿದ ಐದು ಬಟ್ಟಲುಗಳನ್ನು ಸಾಲಾಗಿಟ್ಟು, ಆರನೆಯದರ ಜಾಗ ಖಾಲಿ ಬಿಡುವಳು. ಆ ಖಾಲಿ ಜಾಗವನ್ನೇ ನೋಡುತ್ತ ತಿನ್ನುವಳು. ‘ಹೆಂಗ್ ಹೋಯ್ತು? ನನ್ನವ್ವ ಏಟು ತಿಂದ ಬಟ್ಲು. ಎಲ್ಲಾರ್ನೂ ಬಿಟ್ಟು ಆ ಅಡ್ನಾಡಿ ಮನೇಗೆ ಹೋಯ್ತಲ್ಲ. ನಾನೇನ್ ಕಮ್ಮಿ ಮಾಡಿದ್ದೆ?’ ಎಂದು ನನ್ನನ್ನು ಕೇಳುವಳು. ಏನೂ ಕಮ್ಮಿ ಮಾಡಿರಲಿಲ್ಲ. ಅದೇ ಅವಳಿಗೆ ಸಹಿಸಲಾಗದ ಸಂಗತಿ. ತಪ್ಪು ಮಾಡಿದ್ದರೆ ತಿದ್ದಿಕೊಳ್ಳಬಹುದಾಗಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಉಪಾಯ ತೆಗೆದಳು. ‘ನೀವ್ ಹೋಗ್ಬನ್ನಿ,’ ಎಂದಳು. ‘ಮನೇ ಗಂಡಸು ಹೋದ್ರೂ ಕರೆಗೆ ಹೋದಂಗೇ. ಆದ್ರೆ ಬಾಯಿಗೆ ಏನೂ ಇಡ್ಬ್ಯಾಡಿ. ಅವಳು ಹೆಂಗ್ ಮೇಜು ಅಣಿ ಮಾಡ್ತಾಳೆ, ಹೆಂಗ್ ಕೂತ್ಕತಾಳೆ, ಏನ್ ಮಾಡ್ತಾಳೆ, ಎಲ್ಲಾ ಕಣ್ಣಲ್ ತುಂಬ್ಕೊಂಡ್ ಬನ್ನಿ.’

‘ಉಣ್ಣಲ್ಲ ಅಂದ್ಮೇಲೆ ಯಾಕ್ ಬಂದೆ ಅಂತ ಕೇಳಿದ್ರೆ?’

‘ಹೊಟ್ಟೆ ಸರಿಯಿಲ್ಲ ಅನ್ನಿ. ಸುಳ್ಳೇನಲ್ಲ, ಅವಳ ಅಡಿಗೆ ನೆನೆಸ್ಕೊಂಡ್ರೆ ಹಂಗೇ ಆಯ್ತದೆ.’

ಹೋದೆ. ಶೇವಂತಿಬಾಯಿ ನಾನು ಯಾಕೆ ಬಂದೆ ಎಂದು ಕೇಳಲಿಲ್ಲ, ಹೊಟ್ಟೆಯ ವಿಚಾರ ನನ್ನ ಬಾಯಿಂದ ಹೊರಡಲೇ ಇಲ್ಲ. ಅವಳ ಮೇಜು ಎಂದರೆ ಗಣಿಯ ಸಿಡಿಮದ್ದು ಬರುತ್ತಿದ್ದ ಮರದ ಪೆಟ್ಟಿಗೆ. ಕಿಟಕಿಗೆ ಎದುರಾಗಿ ಇಟ್ಟಿದ್ದಳು. ಅದರ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ತಟ್ಟೆಗಳು, ಕಿವಿ ಮುರಿದ ಬಟ್ಟಲು, ಮೂಲೆಯಲ್ಲಿ ಬೋರಲಾಗಿ ನಮ್ಮ ಹಕ್ಕಿಯ ಬಟ್ಟಲು. ಗೊರಗೊರ ಎನ್ನುವ ರೇಡಿಯೋ ಹಾಕಿದಳು. ಬ್ರೆಡ್ಡು ಕರಿಯಾಗುವವರೆಗೂ ಕೆಂಡದ ಮೇಲೆ ಮರೆತಳು. ಗಂಡ ತಿನ್ನುತ್ತಿದ್ದ ಮರದ ಮೊಟ್ಟೆಬಟ್ಟಲಿನಲ್ಲಿ ಅರೆಬೆಂದ ಮೊಟ್ಟೆಯೊಂದನ್ನು ಕೂರಿಸಿ, ಉಪ್ಪು ಹಾಕುವುದನ್ನು ಮರೆತು, ಎರಡು ಚಮಚ ತಿಂದ ಮೇಲೆ ನೆನೆಸಿಕೊಂಡು ಹಾಕಿದಳು. ಬೀದಿಯಲ್ಲಿ ಹೋಗುವವರನ್ನೆಲ್ಲ ಕಿಟಕಿಯಿಂದಲೇ ಮಾತಾಡಿಸಿದಳು. ಕುಂಬಾರರ ಕತ್ತೆ ಬಾಲ ಎತ್ತಿ ಓಡಿದ ಕಥೆ ಹೇಳಿದಳು. ನನಗೆ ನಗು ಬಂತು, ನಕ್ಕೆ.

ಮನೆಗೆ ಬರುವಷ್ಟರಲ್ಲಿ ಆ ನಗು ನನಗಿಂತ ಮೊದಲೇ ಮನೆ ತಲುಪಿತ್ತು.

‘ನಗ್ತಾ ಇದ್ರಂತೆ?’ ಹೊನ್ನಾಜಮ್ಮ ಬಾಗಿಲಲ್ಲೇ ಹಿಡಿದಳು.

‘ಕತ್ತೆ ವಿಷ್ಯ ಹೇಳ್ತಿದ್ಲು.’

‘ನನ್ನತ್ರ ಕೂತು ಉಣ್ಣೋವಾಗ ಎಂದಾರೂ ಹಂಗ್ ನಕ್ಕಿದೀರಾ? ಬೀದಿ ಬಾಗಿಲ್ಗೆ ಕೇಳ್ಸಂಗೆ?’

‘ನೀನು ಕತ್ತೆ ವಿಷ್ಯ ಹೇಳಿಲ್ವಲ್ಲ,’ ಎಂದೆ.

ಆ ಮಾತು ಹೇಳಬಾರದಾಗಿತ್ತು. ಬಟ್ಟಲಿನ ಮೇಲಿದ್ದ ಹೊಟ್ಟೆಕಿಚ್ಚು ನನ್ನ ಮೇಲೂ ಹಬ್ಬಿತು. ಮೊದಲು ಬಟ್ಟಲು, ಆಮೇಲೆ ಗಂಡ, ಕೊನೆಗೆ ಮನೆಯೇ ಎದ್ದು ಹೋಗುತ್ತದೇನೋ ಎನ್ನುವ ಹಾಗೆ ನಾನು ಹೊಸಲು ದಾಟಿದರೂ ‘ಎಲ್ಲಿಗೆ?’ ಎನ್ನತೊಡಗಿದಳು. ಆದರೂ ನಾನು ಕಂಡದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ಕೇಳಿಕೊಂಡಳು. ಎರಡೆರಡು ಸಲ ಕೇಳಿಕೊಂಡಳು.

ಮಾರನೆಯ ದಿನ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ನಾಲ್ಕು ಜನರನ್ನು ಕರೆದು ಆ ಭಾರೀ ಮೇಜನ್ನು ಕಿಟಕಿಯ ಎದುರಿಗೆ ತಿರುಗಿಸಿದಳು. ಪಕ್ಕದ ಮನೆಯ ಕೆಟ್ಟ ರೇಡಿಯೋ ಎರವಲು ತಂದಳು. ಬ್ರೆಡ್ಡನ್ನು ನಿಂತು ನೋಡುತ್ತ ನೋಡುತ್ತ ಕರಿಯಾಗುವವರೆಗೂ ಸುಟ್ಟಳು. ಮರೆಯುವುದು ಅವಳಿಗೆ ಬರುತ್ತಿರಲಿಲ್ಲ, ಹಾಗಾಗಿ ನಿಂತೇ ಸುಡಬೇಕಾಯಿತು. ಮೊಟ್ಟೆಯನ್ನು ಬೇಕೆಂದೇ ಹಸಿ ಮಾಡಿದಳು. ಎರಡು ಚಮಚ ಉಪ್ಪಿಲ್ಲದೆ ತಿಂದು, ‘ಅಯ್ಯೋ ಮರ್ತೇಬಿಟ್ಟೆ’ ಎಂದು ಗಟ್ಟಿಯಾಗಿ ಹೇಳಿ ಉಪ್ಪು ಹಾಕಿಕೊಂಡಳು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನ ಬೈರಪ್ಪನನ್ನು ಕಿಟಕಿಯಿಂದ ‘ಏನ್ ಬೈರಪ್ಪಾ, ಚೆನ್ನಾಗಿದೀಯಾ?’ ಎಂದು ಕೂಗಿದಳು. ಇಷ್ಟು ವರ್ಷ ಹಾಲಿಗೆ ನೀರು ಬೆರೆಸಿದ್ದಕ್ಕೆ ಬೈಸಿಕೊಂಡೇ ಅಭ್ಯಾಸವಾಗಿದ್ದ ಅವನು ಹೆದರಿ ಸೈಕಲ್ಲಿನಿಂದ ಇಳಿದುಬಿಟ್ಟ.

‘ನಗ್ರಿ,’ ಎಂದಳು ನನಗೆ.

‘ಯಾತಕ್ಕೆ?’

‘ಅಲ್ ನಕ್ಕಿದ್ರಲ್ಲ, ಇಲ್ಲೂ ನಗಿ. ಗಟ್ಟಿಯಾಗಿ.’

ನಕ್ಕೆ. ಗಂಟಲಲ್ಲಿ ಸುಟ್ಟ ಬ್ರೆಡ್ಡು ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಹೀಗೆ ಒಂದು ತಿಂಗಳು ನಾವು ಶೇವಂತಿಬಾಯಿಯ ಊಟ ಉಂಡೆವು. ಅವಳಿಗಿಂತ ಅಚ್ಚುಕಟ್ಟಾಗಿ ಅವಳ ಹಾಗೆ ಕೆಟ್ಟದಾಗಿ ಉಂಡೆವು. ನಾನು ಇಳಿದುಹೋದೆ. ಬಟ್ಟಲು ಬರಲಿಲ್ಲ.

ಬಂದದ್ದು ಬೇರೆಯದು. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದರೆ, ಮೇಜಿನ ಮೇಲೆ ಖಾಲಿ ಬಿಟ್ಟಿದ್ದ ಆರನೆಯ ಜಾಗದಲ್ಲಿ ತುಳಜಪ್ಪನ ಮರದ ಬಟ್ಟಲು ಕೂತಿತ್ತು. ಮೊಟ್ಟೆಯ ಹಳದಿ ಹಿಡಿದು ಹಿಡಿದು ಒಳಗೆಲ್ಲ ಕಪ್ಪಾಗಿತ್ತು. ಬುಡದಲ್ಲಿ ಅವನು ಮೊಳೆಯಿಂದ ಗೀರಿದ್ದ ಒಂದು ಗುರುತು.

ಹೊನ್ನಾಜಮ್ಮ ಕೈ ಬಾಯಿಗೆ ಒತ್ತಿಕೊಂಡಳು. ಆಮೇಲೆ ಹುಬ್ಬು ಏರಿತು, ಆಮೇಲೆ ತುಟಿಯ ಕೊನೆ ಏರಿತು. ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ಬೆಳಕು ಕಂಡು ನನಗೂ ಹಾಯೆನಿಸಿತು ಎಂದರೆ ತಪ್ಪಲ್ಲ. ‘ಈಗ ಗೊತ್ತಾಯ್ತದೆ ಅವಳಿಗೆ,’ ಎಂದಳು. ‘ಗಂಡನ ಬಟ್ಲು! ಈಗ ಗೊತ್ತಾಯ್ತದೆ ಹೊಟ್ಟೇಲಿ ಕೆಂಡ ಇಟ್ಕೊಂಡು ಮಲಗೋದು ಅಂದ್ರೆ ಏನು ಅಂತ.’ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಓಣಿಗೆ ಹೋಗಿ ಶೇವಂತಿಬಾಯಿಯ ಮೆಟ್ಟಿಲ ಕೆಳಗೆ ನಿಂತಳು. ನಾನೂ ಹಿಂದೆ ಹೋಗಿದ್ದೆ. ಅವಳ ದನಿ ಹಿಂದಿನ ಬೀದಿಗೂ ಕೇಳಿಸುವ ಹಾಗಿತ್ತು: ‘ನಿಮ್ದು ನಮ್ಮಲ್ಲೈತೆ, ಉಣ್ಣಕ್ ಬನ್ನಿ!’

ಶೇವಂತಿಬಾಯಿ ಒಳಗೆ ತಿರುಗಿ ತನ್ನ ಪೆಟ್ಟಿಗೆಯ ಕಡೆ ನೋಡಿದಳು. ಒಂದು ಗಳಿಗೆ ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಆಮೇಲೆ, ‘ಬತ್ತೀನಿ ಹೊನ್ನಕ್ಕಾ. ನಾಳೇನೇ ಬತ್ತೀನಿ,’ ಎಂದಳು.

ಮಾರನೆಯ ಬೆಳಿಗ್ಗೆ ಹೊನ್ನಾಜಮ್ಮ ಮೇಜನ್ನು ಮೊದಲಿನ ಜಾಗಕ್ಕೆ ತಿರುಗಿಸಿದ್ದಳು. ಬಿಳಿ ಬಟ್ಟೆ ಹಾಸಿದ್ದಳು. ತಟ್ಟೆ, ಚಾಕು, ಉಪ್ಪಿನ ಪಿಂಗಾಣಿ, ಬ್ರೆಡ್ಡಿನ ಚೌಕಟ್ಟು, ಒಂದೂ ಬಿಟ್ಟಿರಲಿಲ್ಲ. ಸೋತವಳಿಗೆ ತಾನು ಯಾರ ಎದುರು ಸೋತೆ ಎನ್ನುವುದು ಕಾಣಬೇಕಲ್ಲ. ಮೊಟ್ಟೆಯನ್ನು ತಾನು ಮೊದಲು ಬೇಯಿಸುತ್ತಿದ್ದ ಹಾಗೆಯೇ ಬೇಯಿಸಿ, ಮರದ ಬಟ್ಟಲಿನಲ್ಲಿ ಕೂರಿಸಿ, ಬಂದ ಶೇವಂತಿಬಾಯಿಯ ಎದುರಿಗೆ ತಾನೇ ಕುರ್ಚಿ ಎಳೆದುಕೊಂಡು ಕೂತಳು. ಅವಳು ಅಳುವುದನ್ನು ಹತ್ತಿರದಿಂದ ನೋಡಲೆಂದೇ ಕೂತಳು.

ಶೇವಂತಿಬಾಯಿ ಮೊಟ್ಟೆಯ ತಲೆ ಒಡೆದು ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ‘ಅಬ್ಬಾ,’ ಎಂದಳು. ಇನ್ನೊಂದು ಚಮಚ ತಿಂದಳು. ‘ಹೊನ್ನಕ್ಕಾ, ಇದನ್ನ ನಮ್ ಯಜಮಾನ್ರು ಒಂದ್ ದಿನ ತಿನ್ಬೇಕಾಗಿತ್ತು ಕಣಕ್ಕ. ನಾನ್ ಮಾಡಿದ್ದ ಗೋಂದಿನಂಥ ಮೊಟ್ಟೇನ ಅಷ್ಟ್ ವರ್ಷ ಬೈಕೊಂಡೇ ತಿಂದ್ರು ಪಾಪ. “ಒಂದ್ ಸಲ ನೆಟ್ಟಗ್ ಬೇಯ್ಸೇ ಮಾರಾಯ್ತಿ” ಅನ್ನೋರು. ಬರಲೇ ಇಲ್ಲ ನಂಗೆ.’ ತಿಂದಳು. ಬ್ರೆಡ್ಡಿನ ಚೂರಿನಿಂದ ಬಳಿದಳು. ಬಾಯಿ ಒರೆಸಿಕೊಂಡಳು. ಬಟ್ಟಲಿನ ಬುಡ ಎತ್ತಿ, ಮೊಳೆಯ ಗೀರಿನ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿ ಕೆಳಗಿಟ್ಟಳು. ‘ಇಲ್ಲೇ ಇರ್ಲಿ ಬುಡಕ್ಕ. ಇನ್ಮೇಲಾದ್ರೂ ಚೆನ್ನಾಗಿ ಉಣ್ಲಿ,’ ಎಂದು ಬಟ್ಟಲಿಗೋ ನಮಗೋ ಹೇಳಿ, ಎದ್ದು, ನನ್ನ ಕಡೆ ತಿರುಗಿ, ‘ಆ ಕತ್ತೆ ಮತ್ತೆ ತಪ್ಪಿಸ್ಕೊಂಡೈತೆ ಗೊತ್ತಾ?’ ಎಂದು ನಕ್ಕು ಹೋದಳು.

ಹೊನ್ನಾಜಮ್ಮ ಕೂತಲ್ಲಿಂದ ಏಳಲಿಲ್ಲ. ಉಂಡ ಪಾತ್ರೆ ತೆಗೆಯಲಿಲ್ಲ. ಅವಳು ಪಾತ್ರೆ ತೆಗೆಯದೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ‘ಅವಳಿಗೆ ಹೊಟ್ಟೆ ಉರೀಲೇ ಇಲ್ವಲ್ರೀ,’ ಎಂದಳು. ದನಿ ಸಣ್ಣಗಿತ್ತು.

‘ಒಳಗೇನಿತ್ತೋ, ಯಾರ್ ಕಂಡೋರು,’ ಎಂದೆ.

‘ಇಲ್ಲ. ನಾನ್ ಎದ್ರುಗೇ ಕೂತಿದ್ನಲ್ಲ. ಗಂಡನ್ ಬಟ್ಲು ರೀ. ಬಿಟ್ ಹೋದ್ಲಲ್ಲ, ಮಗೂನ ನೆಂಟರ ಮನೇಲಿ ಬಿಟ್ ಹೋಗೋಳಂಗೆ. ಅದನ್ನ ಹೆಂಗ್ ಮಾಡಿದ್ಲು?’ ತಳದಲ್ಲಿ ಚೂರು ಬಿಳಿ ಅಂಟಿದ್ದ ಚಿಪ್ಪನ್ನು ಬೆರಳಿನಿಂದ ಪುಡಿ ಮಾಡುತ್ತ ಕೇಳಿದಳು. ‘ನನ್ ಬಟ್ಲು ಅವಳತ್ರ. ನೀವು ಅವಳ ಮಾತಿಗ್ ನಗ್ತೀರಿ. ಕೊಡೋದ್ರಲ್ಲೂ ಅವಳೇ ಮುಂದೆ ಅಂತ ಆದ್ರೆ ನಂಗೇನ್ ಉಳೀತು?’

ಚಿಪ್ಪನ್ನು ನಾನೇ ಗುಡಿಸಿ ಹಾಕಿದೆ.

ಮರುದಿನ ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಹೊನ್ನಾಜಮ್ಮ ಸಿದ್ಧಳಾಗಿದ್ದಳು. ಒಲೆ ಹಚ್ಚಿರಲಿಲ್ಲ. ‘ನಡೀರಿ, ಉಣ್ಣಕ್ ಕರ್ದವ್ರೆ,’ ಎಂದಳು. ಕರೆದು ತಿಂಗಳ ಮೇಲಾಗಿತ್ತು. ದಾರಿಯುದ್ದಕ್ಕೂ ಯುದ್ಧಕ್ಕೆ ಹೊರಟವರ ಹಾಗೆ ನಡೆದಳು. ನಾನು ಹಿಂದೆ ಬಿದ್ದೆ.

ಶೇವಂತಿಬಾಯಿ ನಮ್ಮನ್ನು ಕಂಡು ‘ಬನ್ನಿ ಬನ್ನಿ’ ಎನ್ನುತ್ತ ನೀರಿಟ್ಟಳು. ಬೋರಲಾಗಿದ್ದ ಹಕ್ಕಿಯ ಬಟ್ಟಲನ್ನು ಎತ್ತಿ, ಸೆರಗಿನಿಂದಲೇ ಒರೆಸಿದಳು. ಸೆರಗಿನಿಂದ! ಹೊನ್ನಾಜಮ್ಮನ ದವಡೆ ಬಿಗಿದದ್ದನ್ನು ನಾನು ಕಂಡೆ. ಆದರೂ ಪೆಟ್ಟಿಗೆಯ ಮುಂದೆ ನೆಲಕ್ಕೇ ಕೂತಳು. ಮೊಟ್ಟೆ ಬಂತು. ಒಂದು ಕಡೆ ಹಸಿ, ಒಂದು ಕಡೆ ಕಲ್ಲು. ಅದನ್ನು ಹಾಗೆ ಮಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊನ್ನಾಜಮ್ಮ ಬಟ್ಟಲನ್ನು ತಿರುಗಿಸಿ ಚಕ್ಕೆ ಎದ್ದ ಅಂಚು ತನ್ನ ಕಡೆಗೆ ಬರುವ ಹಾಗೆ ಇಟ್ಟುಕೊಂಡಳು. ತಿನ್ನತೊಡಗಿದಳು. ಮೊದಲ ಚಮಚಕ್ಕೆ ಅವಳ ಕಣ್ಣು ತುಂಬಿತು. ಶೇವಂತಿಬಾಯಿ ಅದನ್ನು ನೋಡಿ, ‘ಉಪ್ಪು ಜಾಸ್ತಿ ಆಯ್ತಾ ಅಕ್ಕಾ?’ ಎಂದಳು.

‘ಉಪ್ಪೇ ಇಲ್ಲ ಕಣೇ,’ ಎಂದಳು ಹೊನ್ನಾಜಮ್ಮ. ‘ಚೆನ್ನಾಗೈತೆ.’

ಪೂರಾ ತಿಂದಳು. ಚಿಪ್ಪಿನ ಒಳಗೆ ಬೆರಳು ಹಾಕಿ ಬಳಿದು ತಿಂದಳು. ಇಷ್ಟು ವರ್ಷ ನನಗೆ ಚಮಚ ಹಿಡಿಯುವುದನ್ನು ಕಲಿಸಿದವಳು, ಬೆರಳು ನೆಕ್ಕಿದಳು. ಬಾಯಿ ಒರೆಸಿಕೊಂಡು, ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಶೇವಂತಿಬಾಯಿಯ ಮಡಿಲಿಗೆ ಇಟ್ಟಳು. ‘ನಮ್ಮವ್ವಂದು. ಇಲ್ಲಿ ಚಕ್ಕೆ ಎದ್ದೈತೆ, ತುಟಿಗೆ ತಗಲ್ತದೆ, ನೋಡ್ಕೊಂಡ್ ತಿನ್ನು,’ ಎಂದು ಹೇಳಿ ಎದ್ದಳು. ಶೇವಂತಿಬಾಯಿಗೆ ಆ ಒಂದು ಸಲ ನಗು ಬರಲಿಲ್ಲ. ಮಡಿಲಲ್ಲಿ ಬಟ್ಟಲು ಇಟ್ಟುಕೊಂಡು ಕೂತೇ ಇದ್ದಳು.

ಓಣಿ ತಿರುಗಿದ ಮೇಲೆ ಹೊನ್ನಾಜಮ್ಮ ಗೋಡೆಗೆ ಕೈ ಕೊಟ್ಟು ನಿಂತಳು. ಮೂಗು ಒರೆಸಿಕೊಂಡಳು. ಸುಧಾರಿಸಿಕೊಳ್ಳಲಿ ಎಂದು ನಾನೂ ನಿಂತೆ.

‘ನೋಡಿದ್ರಾ?’ ಎಂದಳು ಕೊನೆಗೆ.

‘ಏನ?’

‘ಅವಳು ನಮ್ಮನೇಲಿ ಚಿಪ್ಪಿನ ತಳದಾಗೆ ಒಂಚೂರು ಬಿಳಿ ಬಿಟ್ಟಿದ್ಲು,’ ಎಂದಳು. ‘ನಾನ್ ಏನೂ ಬಿಡ್ಲಿಲ್ಲ.’